ಕ್ಲಬ್ಬಿನ ಹಿಂಬದಿಯ ಮೆಟ್ಟಿಲು

ನಾನು ನಕ್ಷೆ ಬರೆಯುವವಳು. ಆರ್ಕಿಟೆಕ್ಟ್ ಅಲ್ಲ, ಆರ್ಕಿಟೆಕ್ಟ್ ಮನಸ್ಸಿನಲ್ಲಿ ಕಂಡದ್ದನ್ನು ಅಳತೆಗೆ ಇಳಿಸುವವಳು. ನನ್ನ ಸಂಬಳದ ಚೀಟಿಯಲ್ಲಿ ಮೂವತ್ತೊಂದು ವರ್ಷಗಳಿಂದ ‘ಡ್ರಾಫ್ಟ್ಸ್‌ಮನ್’ ಎಂದೇ ಇದೆ. ಹೆಂಗಸು ಎಂದು ಯಾರೂ ತಿದ್ದಲಿಲ್ಲ, ತಿದ್ದಿ ಎಂದು ನಾನೂ ಕೇಳಲಿಲ್ಲ. ಬರುವ ಮಾರ್ಚಿಗೆ ನಿವೃತ್ತಿ. ಇನ್ನು ಕೇಳಿ ಆಗಬೇಕಾದ್ದೂ ಏನಿಲ್ಲ.

ಆಫೀಸು ಥಾಣೆಯ ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆಗಳ ಪ್ರದೇಶದಲ್ಲಿ. ಕೆಳಗೆ ರಬ್ಬರ್ ವಾಷರ್ ಮಾಡುವ ಕಾರ್ಖಾನೆ, ಮೇಲಿನ ಮಾಳಿಗೆಯಲ್ಲಿ ನಾವು ಒಂಬತ್ತು ಜನ. ಡೊಂಬಿವಲಿಯಿಂದ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಥಾಣೆಗೆ ಬಂದು, ಶೇರ್ ರಿಕ್ಷಾದಲ್ಲಿ ಮೂರನೆಯವಳಾಗಿ ತೂರಿಕೊಂಡು ಆಫೀಸು ಸೇರುವಷ್ಟರಲ್ಲಿ ನನ್ನ ದಿನದ ಅರ್ಧ ಶಕ್ತಿ ಮುಗಿದಿರುತ್ತದೆ. ಉಳಿದರ್ಧದಲ್ಲಿ ನಕ್ಷೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಮಾಡಿದ ತಪ್ಪಿಗೆ ದೊಡ್ಡ ಕಾರಣವೇನೂ ಇಲ್ಲ. ಸುಸ್ತಾಗಿತ್ತು, ಅಷ್ಟೇ.

ಮನೆಯಲ್ಲಿ ಅಪ್ಪ ಮತ್ತು ನಾನು. ಅಮ್ಮ ಹೋಗಿ ಹನ್ನೊಂದು ವರ್ಷ. ನನಗೆ ಮದುವೆಯಾಗಲಿಲ್ಲ; ಆ ಕಥೆ ಇಲ್ಲಿ ಬೇಡ. ಅಪ್ಪನ ಭಾಷೆ ತುಳು, ಆದರೆ ಬ್ರಹ್ಮಾವರದ ಕಡೆಯ ಅಮ್ಮನಿಗೆ ತುಳು ಬಾರದ್ದರಿಂದ ನಮ್ಮ ಮನೆಯ ಮಾತು ಕನ್ನಡವಾಯಿತು. ಅಪ್ಪನಿಗೆ ಈಗ ಎಂಬತ್ತನಾಲ್ಕು. ಉಡುಪಿಯ ಹತ್ತಿರದ ಹಳ್ಳಿಯಿಂದ ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು, ಎರಡು ವರ್ಷ ಹೋಟೆಲಿನಲ್ಲಿ ಟೇಬಲ್ ಒರೆಸಿ, ಆಮೇಲೆ ಫೋರ್ಟ್ ಪ್ರದೇಶದ ಒಂದು ಹಳೆಯ ಕ್ಲಬ್ಬಿಗೆ ಸೇರಿದರು. ಬಿಳಿಯರು ತಮಗಾಗಿ ಕಟ್ಟಿಕೊಂಡಿದ್ದ ಕ್ಲಬ್ಬು. ಅಪ್ಪ ಸೇರುವ ಹೊತ್ತಿಗೆ ಬಿಳಿಯರು ಹೋಗಿದ್ದರು, ಅವರ ಕುರ್ಚಿಗಳಲ್ಲಿ ನಮ್ಮವರು ಕುಳಿತಿದ್ದರು, ನಿಯಮಗಳು ಮಾತ್ರ ಹಾಗೆಯೇ ಉಳಿದಿದ್ದವು. ನಲವತ್ತೆರಡು ವರ್ಷ ಅಪ್ಪ ಅಲ್ಲಿ ಬೇರರ್ ಆಗಿದ್ದರು. ಮೊದಲು ಕೋಪರಿಯ ಚಾಳಿನಿಂದ, ನಂತರ ಡೊಂಬಿವಲಿಯ ಈ ಮನೆಯಿಂದ ದಿನಾ ವಿ.ಟಿ. ಸ್ಟೇಷನ್ನಿಗೆ ಹೋಗಿಬಂದರು. ಅಷ್ಟು ವರ್ಷಗಳಲ್ಲಿ ಒಂದು ಸಲವೂ ಕ್ಲಬ್ಬಿನ ಮುಂದಿನ ಮೆಟ್ಟಿಲು ಹತ್ತಿದವರಲ್ಲ. ಕೆಲಸದವರಿಗೆ ಅದು ಕೂಡದು.

ಚಿಕ್ಕಂದಿನಿಂದ ಇದು ನನ್ನನ್ನು ಚುಚ್ಚುತ್ತಿತ್ತು. ಅಪ್ಪನನ್ನು ಚುಚ್ಚುತ್ತದೆಯೇ ಎಂದು ನಾನು ಯಾವತ್ತೂ ಕೇಳಲಿಲ್ಲ. ಚುಚ್ಚಲೇಬೇಕು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಮೂರು ವರ್ಷದ ಹಿಂದೆ ಘೋಡ್‌ಬಂದರ್ ರಸ್ತೆಯ ಕಡೆ ಒಬ್ಬ ಬಿಲ್ಡರ್ ಏಳು ಟವರುಗಳ ಕಾಲೊನಿ ಎಬ್ಬಿಸಲು ಹೊರಟಿದ್ದ. ಟವರುಗಳ ನಡುವೆ ಒಂದು ಕ್ಲಬ್‌ಹೌಸು. ಈಗ ಕ್ಲಬ್‌ಹೌಸ್ ಇಲ್ಲದೆ ಯಾರೂ ಫ್ಲಾಟು ಕೊಳ್ಳುವುದಿಲ್ಲ. ಕೊಂಡ ಮೇಲೆ ಅಲ್ಲಿಗೆ ಯಾರೂ ಹೋಗುವುದಿಲ್ಲ, ಅದು ಬೇರೆ ಮಾತು. ಈ ಬಿಲ್ಡರನಿಗೆ ಅದು ವಿಕ್ಟೋರಿಯನ್ ಆಗಿರಬೇಕಿತ್ತು. ಹಿಂದಿನ ಪ್ರಾಜೆಕ್ಟಿನಲ್ಲಿ ಬಾಲಿ ಮಾಡಿಸಿದ್ದ, ಅದಕ್ಕೂ ಹಿಂದಿನದರಲ್ಲಿ ಗ್ರೀಸ್. ಈ ಸಲ ಲಂಡನ್.

ನಮ್ಮ ಬಾಸ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮರಾಠಿಯವರು, ನನ್ನನ್ನು ತಾಈ, ಅಂದರೆ ಅಕ್ಕ, ಎಂದು ಕರೆಯುತ್ತಾರೆ, ಕೆಟ್ಟ ಮನುಷ್ಯರಲ್ಲ. ಎಲ್ಲಿಂದಲೋ ಒಂದು ದಪ್ಪ ಹಳೆಯ ಪುಸ್ತಕ ತಂದು ನನ್ನ ಮೇಜಿನ ಮೇಲೆ ಇಟ್ಟರು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ ಕ್ಲಬ್ಬುಗಳ ನಕ್ಷೆಗಳು. ಊಟದ ಡಬ್ಬಿ ಬಿಚ್ಚುವುದನ್ನೂ ಮರೆತು ಅದನ್ನು ನೋಡಿದೆ ಎಂದರೆ ನೀವು ನಂಬಬೇಕು. ನಕ್ಷೆಯೊಂದು ನನ್ನನ್ನು ಹಾಗೆ ಹಿಡಿದು ಕೂರಿಸಿ ಎಷ್ಟೋ ವರ್ಷವಾಗಿತ್ತು.

ಅಲ್ಲಿ ಒಂದೊಂದು ರಾಜಕೀಯ ಪಕ್ಷಕ್ಕೂ ತನ್ನದೇ ಕ್ಲಬ್ಬಂತೆ. ಆಳುವವರದ್ದೊಂದು, ವಿರೋಧಿಸುವವರದ್ದೊಂದು, ಹೆಚ್ಚುಕಡಿಮೆ ಒಂದೇ ಬೀದಿಯಲ್ಲಿ. ಸಂಸತ್ತಿನಲ್ಲಿ ಜಗಳವಾಡಿ ಬಂದು ತಂತಮ್ಮ ಕ್ಲಬ್ಬಿನಲ್ಲಿ ಉಣ್ಣುವುದು. ಎಲ್ಲರಿಗೂ ಇಟಲಿಯ ಹಳೆಯ ಅರಮನೆಗಳ ಹುಚ್ಚು. ಕೆಳಗಿನ ಅಂತಸ್ತಿಗೆ ಒರಟು ಕಲ್ಲು. ಅದರ ಮೇಲಿನದಕ್ಕೆ ನಯವಾದ ಕಲ್ಲು, ಎಲ್ಲಕ್ಕಿಂತ ಎತ್ತರದ ಕಿಟಕಿಗಳು. ತುದಿಯಲ್ಲಿ ಬೀದಿಯ ಮೇಲೆ ನೆರಳು ಬೀಳುವಷ್ಟು ಮುಂದೆ ಚಾಚಿದ ಕಲ್ಲಿನ ಅಂಚು. ಒಳಗೆ ಗಾಜಿನ ಛಾವಣಿಯ ಹಜಾರ, ಅದರ ನಡುವಿನಿಂದ ಏಳುವ ದೊಡ್ಡ ಮೆಟ್ಟಿಲು. ಅರ್ಧದವರೆಗೆ ಒಂದಾಗಿ ಹೋಗಿ ಅಲ್ಲಿಂದ ಎಡಕ್ಕೂ ಬಲಕ್ಕೂ ಒಡೆಯುತ್ತದೆ. ಪತ್ರಿಕೆ ಓದಲು ಒಂದು ಕೋಣೆ, ಸೇದಲು ಒಂದು, ಊಟಕ್ಕೆ ಒಂದು. ಊಟದ್ದಕ್ಕೆ ಏಕೋ ಕಾಫಿ ರೂಮ್ ಎಂದು ಹೆಸರು. ಹೆಂಗಸರಿಗೆ ಪ್ರವೇಶವಿಲ್ಲ.

ನಕ್ಷೆ ಓದಲು ಬಂದವರಿಗೆ ಅದರೊಳಗೆ ಇನ್ನೊಂದು ಕಟ್ಟಡವೂ ಕಾಣುತ್ತದೆ. ದೊಡ್ಡ ಕೋಣೆಗಳ ಬೆನ್ನಿಗೆ ಅಂಟಿಕೊಂಡು ಸಪೂರ ಓಣಿಗಳು, ನೆಲಮಾಳಿಗೆಯ ಅಡುಗೆಮನೆ, ಅಲ್ಲಿಂದ ಮೇಲಿನವರೆಗೆ ಯಾರ ಕಣ್ಣಿಗೂ ಬೀಳದೆ ಹತ್ತುವ ಇನ್ನೊಂದು ಮೆಟ್ಟಿಲು. ಎರಡು ಪಕ್ಷಗಳ ಕ್ಲಬ್ಬುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮುಂಭಾಗದಲ್ಲಿ ನೀನು ಮೇಲೋ ನಾನು ಮೇಲೋ ಎಂಬ ಪೈಪೋಟಿ. ಹಿಂಬದಿಯ ಮೆಟ್ಟಿಲಿನಲ್ಲಿ ಮಾತ್ರ ಎರಡೂ ಪಕ್ಷಕ್ಕೆ ಭಿನ್ನಾಭಿಪ್ರಾಯವೇ ಇರಲಿಲ್ಲ.

“ನನ್ನ ಅಪ್ಪ ಇಂಥದೇ ಒಂದು ಕಟ್ಟಡದಲ್ಲಿ ಕೆಲಸ ಮಾಡಿದವರು,” ಎಂದು ಬಾಸ್‌ಗೆ ಹೇಳಿದೆ.

“ಕಾಯ್ ಸಾಂಗ್ತಾ ತಾಈ!” ಏನು ಹೇಳ್ತಿದ್ದೀರಿ ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಹಾಗಾದರೆ ಪುಸ್ತಕ ಯಾಕೆ, ಅಪ್ಪನನ್ನೇ ಕೇಳಿ, ಎಲ್ಲ ಬರೆದುಕೊಂಡು ಬನ್ನಿ ಎಂದರು.

ಆ ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ವಿಷಯ ತೆಗೆದೆ. ಅಪ್ಪ ಕೇಳಿಸಿಕೊಂಡು ಲೋಟ ಪಕ್ಕಕ್ಕಿಟ್ಟರು.

“ಮುಂದಿನದ್ದು ನಿನ್ನ ಪುಸ್ತಕದಲ್ಲಿ ಉಂಟಲ್ಲ, ಅದನ್ನೇ ನೋಡಿ ಬರಿ,” ಎಂದರು. “ಹಿಂದಿನದ್ದು ಬೇಕಾದ್ರೆ ನಾನು ಹೇಳ್ತೇನೆ. ಕಣ್ಣು ಮುಚ್ಚಿ ಹೇಳ್ತೇನೆ ಬೇಕಾದ್ರೆ.”

ನಿಜಕ್ಕೂ ಕಣ್ಣು ಮುಚ್ಚಿಯೇ ಹೇಳಿದರು. ಅಡುಗೆಮನೆಯಿಂದ ಊಟದ ಕೋಣೆಗೆ ಮೂವತ್ತೆಂಟು ಮೆಟ್ಟಿಲು, ನಡುವೆ ಮೂರು ತಿರುವು. ಅಡಿ ಇಂಚಿನ ಲೆಕ್ಕ ಅವರಿಗೆ ಗೊತ್ತಿರಲಿಲ್ಲ. ಅವರ ಅಳತೆ ಟ್ರೇಯದ್ದು. ಓಣಿ ಎಷ್ಟು ಅಗಲ ಎಂದರೆ, “ಎರಡು ಟ್ರೇ ಮತ್ತೆ ಒಂದು ಹೊಟ್ಟೆ” ಎಂದರು. ಯಾರ ಹೊಟ್ಟೆ ಎಂದು ಕೇಳಿದೆ. “ಹೆಡ್ ಬೇರರ್‌ನದ್ದು. ಅವ ಹೋದ್ರೆ ಎಲ್ಲರೂ ಹೋಗ್ತಾರೆ.”

ಅವರು ಹೇಳಿದ ಗಾತ್ರದ ಟ್ರೇ ನಮ್ಮ ಮನೆಯಲ್ಲಿರಲಿಲ್ಲ. ಮಂಚದ ಕೆಳಗೆ ನನ್ನ ಹಳೆಯ ಡ್ರಾಯಿಂಗ್ ಬೋರ್ಡ್ ಇತ್ತು, ಕಂಪ್ಯೂಟರ್ ಬಂದಮೇಲೆ ಧೂಳು ತಿನ್ನುತ್ತ ಬಿದ್ದಿದ್ದದ್ದು. ಅದನ್ನು ಹೊರಗೆಳೆದು ಒರೆಸಿದರು. ಇದೇ, ಸರಿಯಾಗಿ ಇಷ್ಟೇ ಎಂದರು. ನಾಲ್ಕು ಸ್ಟೀಲ್ ಲೋಟಕ್ಕೆ ನೀರು ತುಂಬಿ ಬೋರ್ಡಿನ ಮೇಲಿಟ್ಟು, ನಮ್ಮ ಬಿಲ್ಡಿಂಗಿನ ಪ್ಯಾಸೇಜಿಗೆ ಹೊರಟರು. ನಾನು ಟೇಪು ಹಿಡಿದು ಹಿಂದೆ. ಎಂಬತ್ತೊಂದು ವರ್ಷದ ಮನುಷ್ಯ ಬೋರ್ಡನ್ನು ಭುಜದ ಮಟ್ಟಕ್ಕೆ ಎತ್ತಿ, ಲಿಫ್ಟಿನ ಮೂಲೆಯಲ್ಲಿ ಸೊಂಟವನ್ನಷ್ಟೇ ತಿರುಗಿಸಿ ಒಂದು ಹನಿ ಚೆಲ್ಲದೆ ಹೋದರು. ಎದುರು ಮನೆಯ ಹೆಂಗಸು ಬಾಗಿಲು ತೆರೆದು ನಮ್ಮಿಬ್ಬರನ್ನೂ ನೋಡಿ, ಏನೂ ಕೇಳದೆ ಮತ್ತೆ ಮುಚ್ಚಿಕೊಂಡಳು.

“ಇಲ್ಲಿ ಮೂಲೆ ಚೂಪು ಉಂಟು, ನೋಡು. ಟ್ರೇ ತಾಗ್ತದೆ,” ಎಂದರು ಅಪ್ಪ. “ಅಲ್ಲಿ ಮೂರೂ ತಿರುವಿನಲ್ಲಿ ಗೋಡೆಯ ಮೂಲೆ ದುಂಡು ಮಾಡಿದ್ರು. ಕಾಲಿನಿಂದ ಸೊಂಟದವರೆಗೆ ಚೂಪು, ಅಲ್ಲಿಂದ ಮೇಲೆ ದುಂಡು. ಅದನ್ನು ಮಾಡಿದವ ಒಂದು ದಿನವಾದರೂ ಟ್ರೇ ಹೊತ್ತಿರಬೇಕು. ಇಲ್ಲದಿದ್ರೆ ಅವನ ತಲೆಗೆ ಹೊಳಿಲಿಕ್ಕೆ ಸಾಧ್ಯವೇ ಇಲ್ಲ.”

ನಾಲ್ಕು ಭಾನುವಾರ ಹೀಗೆ ಹೋದವು. ಆ ಮೆಟ್ಟಿಲಿಗೊಂದು ಕಟ್ಟಳೆ ಇತ್ತಂತೆ. ತುಂಬಿದ ಟ್ರೇ ಹತ್ತಿ ಬರುವಾಗ ಖಾಲಿ ಟ್ರೇ ಇಳಿಯುವವನು ತಿರುವಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ನಿಂತವನು ಹೆಡ್ ಬೇರರ್ ಆಗಿರಲಿ, ಬಂದವನು ನಿನ್ನೆ ಸೇರಿದವನಾಗಿರಲಿ. “ಮುಂದಿನ ಮೆಟ್ಟಿಲಲ್ಲಿ ಯಾರು ದೊಡ್ಡವ ಅಂತ ನೋಡ್ಬೇಕು. ನಮ್ಮದರಲ್ಲಿ ಹಾಗಿಲ್ಲ. ಭರ್ತಿ, ಖಾಲಿ. ಅಷ್ಟೇ,” ಎಂದರು. ಇದನ್ನು ಹೇಳುವಾಗ ಅಪ್ಪನ ಮುಖದಲ್ಲಿ ಹೆಮ್ಮೆಯಿತ್ತು. ನಾನು ಅದನ್ನು ಕಂಡೆ, ಕಂಡೂ ಅದರ ಅರ್ಥ ತಿಳಿದುಕೊಳ್ಳಲಿಲ್ಲ.

ಪುಸ್ತಕದ ಬಾಗಿಲಿನ ಕಥೆಯನ್ನೂ ಹೇಳಿದರು. ಓದುವ ಕೋಣೆಯ ಒಂದು ಗೋಡೆಯಲ್ಲಿ ಚರ್ಮದ ಬೆನ್ನಿನ ಪುಸ್ತಕಗಳ ಕಪಾಟು. ಆದರೆ ಅವು ಪುಸ್ತಕಗಳಲ್ಲ, ಬರೀ ಬೆನ್ನುಗಳು. ಇಡೀ ಕಪಾಟೇ ಹಿಂಬದಿಯ ಮೆಟ್ಟಿಲಿನ ಬಾಗಿಲು. ಕೆಲಸದವರ ಬಾಗಿಲು ಸಾಹೇಬರಿಗೆ ಬಾಗಿಲಿನಂತೆ ಕಾಣಬಾರದು ಎಂದು ಆ ಉಪಾಯ. ಅಪ್ಪ ಆಗ ರಾತ್ರಿ ಶಾಲೆಯಲ್ಲಿ ಇಂಗ್ಲಿಷ್ ಅಕ್ಷರ ಕಲಿಯುತ್ತಿದ್ದರು. ಸೇರಿದ ಮೊದಲ ವಾರ ಯಾರೂ ನೋಡುತ್ತಿಲ್ಲ ಎಂದು ಒಂದು ಪುಸ್ತಕಕ್ಕೆ ಕೈ ಹಾಕಿ ಎಳೆದರೆ ಗೋಡೆಯೇ ಮೈಮೇಲೆ ಬಂದಿತು. ಕುರ್ಚಿಯಲ್ಲಿದ್ದ ಮುದುಕ ಸದಸ್ಯನೊಬ್ಬ ಪತ್ರಿಕೆ ಕೆಳಗಿಳಿಸಿ ನೋಡಿ, ಮತ್ತೆ ಪತ್ರಿಕೆ ಮೇಲೇರಿಸಿದನಂತೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಮ್ಮ ಹೋದಮೇಲೆ ಆ ಮನೆಯಲ್ಲಿ ಅಷ್ಟು ನಗು ಕೇಳಿದ್ದು ಅದೇ ಮೊದಲು.

ನಕ್ಷೆ ಮುಗಿದಾಗ ಒಂದು ಪ್ರಿಂಟು ತಂದು ಊಟದ ಮೇಜಿನ ಮೇಲೆ ಹರಡಿದೆ. ಅಪ್ಪ ಕನ್ನಡಕ ಏರಿಸಿ, ದೊಡ್ಡ ಮೆಟ್ಟಿಲನ್ನು ದಾಟಿ, ಬೆರಳನ್ನು ನೇರ ಹಿಂಬದಿಗೆ ಒಯ್ದರು. ಅಡುಗೆಮನೆಯಿಂದ ಹೊರಟು, ಮೂರು ದುಂಡು ಮೂಲೆ ತಿರುಗಿ, ಪುಸ್ತಕದ ಬಾಗಿಲಿನಲ್ಲಿ ನಿಲ್ಲಿಸಿದರು.

“ಇದನ್ನು ಹೀಗೇ ಕಟ್ತಾರಾ?”

“ಕಟ್ತಾರೆ ಅಪ್ಪ.”

“ಅಲ್ಲಿ ಇದ್ದಷ್ಟು ವರ್ಷ ನನ್ನ ಹತ್ರ ಯಾರೂ ಏನೂ ಕೇಳಿದ್ದಿಲ್ಲ,” ಎಂದರು. “ನನಗೆ ಗೊತ್ತಿದ್ದದ್ದು ಒಂದಾದರೂ ಎಲ್ಲಿಯೋ ನಿಲ್ತದೆ ಹಾಗಾದರೆ.” ಪ್ರಿಂಟನ್ನು ಮಡಚಿ ತಮ್ಮ ಪೆನ್ಶನ್ ಕಾಗದಗಳ ಫೈಲಿನಲ್ಲಿ ಇಟ್ಟುಕೊಂಡರು.

ಮೀಟಿಂಗು ಒಂದು ಗುರುವಾರ ಸಂಜೆ. ಬಿಲ್ಡರನ ಕಡೆಯವನು ನಕ್ಷೆಯ ಮೇಲೆ ಪೆನ್ನು ಓಡಿಸುತ್ತ ಬಂದು ಹಿಂಬದಿಯ ಮೆಟ್ಟಿಲಿನ ಮೇಲೆ ನಿಲ್ಲಿಸಿದ. ಇದೇನು ಎಂದ. ಬಾಸ್ ವಿವರಿಸಿದರು. “ಫೈರ್ ಸ್ಟೇರ್ ಹೈ ನಾ?” ಎಂದ ಅವನು. “ಸ್ಟಾಫ್ ಉಸೀ ಸೇ ಜಾಯೇಗಾ.” ಬೆಂಕಿ ಬಿದ್ದಾಗ ಓಡಿಹೋಗಲು ಕಟ್ಟಡದ ಹೊರಮೈಗೆ ಒಂದು ಮೆಟ್ಟಿಲು ಕಾನೂನಿನಂತೆ ಇದ್ದೇ ಇದೆ, ಕೆಲಸದವರು ಅದರಲ್ಲೇ ಹತ್ತಲಿ, ಇದನ್ನು ತೆಗೆದರೆ ಆ ಜಾಗದಲ್ಲಿ ಸಿಗಾರ್ ಲೌಂಜ್ ಕೂರುತ್ತದೆ ಎಂಬುದು ಅವನ ಮಾತು.

ಬಾಸ್ ನನ್ನ ಕಡೆ ತಿರುಗಿ, “ತಾಈ, ನೀವೇನು ಹೇಳ್ತೀರಿ?” ಎಂದು ಮರಾಠಿಯಲ್ಲಿ ಕೇಳಿದರು. ಇದನ್ನು ನಾನು ಅವರ ಪರವಾಗಿ ಹೇಳಲೇಬೇಕು. ಅವರು ಕೇಳಿದರು.

ನನಗೆ ಎಲ್ಲ ಗೊತ್ತಿತ್ತು. ಹೊರಗಿನ ಮೆಟ್ಟಿಲಿಗೆ ಸೂರಿಲ್ಲ, ಮಳೆ ಬೀಳುತ್ತದೆ. ಅದರ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ, ಹೊರಗಿನಿಂದ ಬರುವವರಿಗೆ ಹಿಡಿಯೇ ಇಲ್ಲ. ಅಡುಗೆಮನೆಯಿಂದ ಅಲ್ಲಿಗೆ ಪಾರ್ಕಿಂಗ್ ಸುತ್ತಿ ಹೋಗಬೇಕು. ತಿರುವಿನಲ್ಲಿ ಟ್ರೇ ತಿರುಗುವುದಿಲ್ಲ. ಇದನ್ನೆಲ್ಲ ಹೇಳಲು ಹೊರಟರೆ ಅರ್ಧ ಗಂಟೆ, ಅವನು ಎದುರಾಡುತ್ತಾನೆ, ಮತ್ತರ್ಧ ಗಂಟೆ. ಗೋಡೆಯ ಗಡಿಯಾರ ಐದೂವರೆ ತೋರಿಸುತ್ತಿತ್ತು. ಆರರ ಹೊತ್ತಿಗೆ ಥಾಣೆಯಿಂದಲೇ ಹೊರಡುವ ಒಂದು ಲೋಕಲ್ ಇದೆ, ಅದರಲ್ಲಿ ಮಾತ್ರ ನನಗೆ ಕೂರಲು ಜಾಗ ಸಿಗುತ್ತದೆ. ಆ ವಾರ ಮಂಡಿ ತುಂಬ ನೋಯುತ್ತಿತ್ತು.

“ಠೀಕ್ ಹೈ,” ಎಂದೆ.

ಸೀಟು ಸಿಕ್ಕಿತು. ಕಿಟಕಿಯ ಪಕ್ಕದ್ದೇ ಸಿಕ್ಕಿತು.

ಮರುದಿನ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಮೂವತ್ತೆಂಟು ಮೆಟ್ಟಿಲನ್ನೂ ಒಟ್ಟಿಗೆ ಆಯ್ದು ಅಳಿಸಿದೆ. ಹಿಂದೆ ಟ್ರೇಸಿಂಗ್ ಕಾಗದದ ಕಾಲದಲ್ಲಿ ಬ್ಲೇಡಿನಿಂದ ಕೆರೆದು ತೆಗೆಯಬೇಕಿತ್ತು, ಒಂದೊಂದು ಗೆರೆಗೂ ಹೊತ್ತು ಹಿಡಿಯುತ್ತಿತ್ತು, ಮನಸ್ಸು ಬದಲಾಗಲು ಸಮಯವಿರುತ್ತಿತ್ತು. ಈಗ ಒಂದು ಗುಂಡಿ ಒತ್ತಿದರೆ ಆಯಿತು. ಅಪ್ಪನಿಗೆ ಹೇಳಲಿಲ್ಲ. ಇವತ್ತು ಬೇಡ, ಭಾನುವಾರ ಹೇಳೋಣ ಎಂದುಕೊಂಡೆ. ಎಷ್ಟು ಭಾನುವಾರಗಳು ಹೋದವೋ ನನಗೆ ಲೆಕ್ಕವಿಲ್ಲ.

ಕಟ್ಟಡ ಏಳಲು ಎರಡು ವರ್ಷ ಹಿಡಿಯಿತು. ಅಷ್ಟೂ ದಿನ ಮನೆಗೆ ಬಂದವರಿಗೆಲ್ಲ ಅಪ್ಪ ಫೈಲಿನಿಂದ ಪ್ರಿಂಟು ತೆಗೆದು ತೋರಿಸುತ್ತಿದ್ದರು. ಗ್ಯಾಸ್ ಸಿಲಿಂಡರ್ ತರುವವನಿಗೂ ತೋರಿಸಿದ್ದಾರೆ. ಮುಗಿಯಿತಾ, ನೋಡಲಿಕ್ಕೆ ಯಾವಾಗ ಹೋಗುವ ಎಂದು ಕೇಳುತ್ತಿದ್ದರು. ಪ್ಲಾಸ್ಟರ್ ಒಣಗಿಲ್ಲ ಎಂದೆ. ಲಿಫ್ಟ್ ಬಂದಿಲ್ಲ ಎಂದೆ. ಕೊನೆಗೆ ಸುಳ್ಳು ಮುಗಿದುಹೋಯಿತು. ಅಷ್ಟರಲ್ಲಿ ನನ್ನೊಳಗೆ ಇನ್ನೊಂದು ಲೆಕ್ಕಾಚಾರ ಹುಟ್ಟಿಕೊಂಡಿತ್ತು: ಆ ದೊಡ್ಡ ಮೆಟ್ಟಿಲನ್ನು ಅಪ್ಪ ಒಂದು ಸಲ ಎದೆಯೆತ್ತಿ ಹತ್ತಿಬಿಟ್ಟರೆ ಸಾಕು, ಜೀವಮಾನದ ಆಸೆ ತೀರುತ್ತದೆ, ಹಿಂಬದಿಯದು ನೆನಪಿಗೇ ಬರುವುದಿಲ್ಲ. ಆಸೆ ನನ್ನದು. ಅದನ್ನು ಅವರ ಹೆಸರಿಗೆ ಬರೆದುಕೊಂಡಿದ್ದೆ.

ಜುಲೈ ತಿಂಗಳ ಒಂದು ಶನಿವಾರ ಮಧ್ಯಾಹ್ನ ಹೋದೆವು. ಬಾಸ್ ಫೋನು ಮಾಡಿ ಅನುಮತಿ ಕೊಡಿಸಿದ್ದರು. ಅಪ್ಪ ಬಿಳಿ ಶರ್ಟು ಇಸ್ತ್ರಿ ಮಾಡಿಸಿ, ಷೂಗೆ ತಾವೇ ಪಾಲಿಶ್ ಹಾಕಿಕೊಂಡು ಹೊರಟರು. ಥಾಣೆ ಸ್ಟೇಷನ್ನಿನಿಂದ ರಿಕ್ಷಾ. ಮಳೆ ಬಿಟ್ಟು ಬಿಟ್ಟು ಸುರಿಯುತ್ತಿತ್ತು.

ಗೇಟಿನ ವಾಚ್‌ಮನ್ ಎಲ್ಲಿಗೆ ಎಂದು ಕೇಳಿದ. “ಇಸ್ ಬಿಲ್ಡಿಂಗ್ ಕಾ ನಕ್ಷಾ ಮೇರೀ ಬೇಟೀ ನೇ ಬನಾಯಾ,” ಎಂದರು ಅಪ್ಪ. ಈ ಕಟ್ಟಡದ ನಕ್ಷೆ ನನ್ನ ಮಗಳು ಬರೆದದ್ದು. ಒಳಗೆ ಮ್ಯಾನೇಜರ್ ಬಂದು ನಮಸ್ಕಾರ ಹೇಳಿದಾಗ ಅವನಿಗೂ ಅದೇ ಮಾತು ಹೇಳಿದರು. ನನಗೆ ನೆಲ ನೋಡುವುದು ಬಿಟ್ಟು ಬೇರೆ ಕಡೆ ನೋಡಲಾಗಲಿಲ್ಲ.

ಕಟ್ಟಡ ದೂರದಿಂದ ನಿಜಕ್ಕೂ ಚೆನ್ನಾಗಿತ್ತು. ಒರಟು ಕಲ್ಲು, ನಯ ಕಲ್ಲು, ಚಾಚಿದ ಅಂ‌ಚು, ಎಲ್ಲ ಪುಸ್ತಕದಲ್ಲಿದ್ದಂತೆಯೇ. ಹತ್ತಿರ ಹೋದರೆ ಕಲ್ಲು ಕಲ್ಲಲ್ಲ. ಹಜಾರದ ಕಂಬವೊಂದನ್ನು ಅಪ್ಪ ಹಲಸಿನ ಹಣ್ಣು ಬಡಿದು ನೋಡುವ ಹಾಗೆ ಬೆರಳ ಗೆಣ್ಣಿನಿಂದ ಬಡಿದರು. ಟೊಳ್ಳು ಸದ್ದು ಬಂತು. “ಫೈಬರ್,” ಎಂದೆ. ನಕ್ಕು ಮುಂದೆ ನಡೆದರು.

ಮೆಟ್ಟಿಲಿನ ಬುಡದಲ್ಲಿ ನಾನು ಅವರ ಕೈ ಹಿಡಿದೆ. ಬಿಡಿಸಿಕೊಂಡು ಕಟಕಟೆ ಹಿಡಿದು ತಾವೇ ಹತ್ತಿದರು. ನಾನು ಹಿಂದೆ ಹಿಂದೆ ಹತ್ತಿದೆ. ಮೂವತ್ತೊಂದು ವರ್ಷದಲ್ಲಿ ನಾನು ಬರೆದ ಯಾವ ಗೆರೆಯ ಮೇಲೂ ನನ್ನವರೊಬ್ಬರು ಕಾಲಿಟ್ಟು ನಡೆದದ್ದನ್ನು ಕಂಡವಳಲ್ಲ. ಮೆಟ್ಟಿಲು ಎರಡಾಗಿ ಒಡೆಯುವ ಜಾಗದಲ್ಲಿ ಅಪ್ಪ ನಿಂತು, ಉಸಿರು ತೆಗೆದುಕೊಂಡು, ಹಜಾರವನ್ನು ಒಮ್ಮೆ ನೋಡಿದರು. ಅತ್ತುಬಿಡುತ್ತಾರೆ ಎಂದು ನಾನು ಕರವಸ್ತ್ರ ತೆಗೆದಿಟ್ಟುಕೊಂಡಿದ್ದೆ.

“ಚಂದ ಉಂಟು,” ಎಂದರು. “ಹತ್ತಲಿಕ್ಕೂ ಸುಲಭ. ನಮ್ಮದು ಎಲ್ಲಿ?”

ಮೇಲೆ ಹೋದಮೇಲೂ ನಾನು ಹೇಳಲಿಲ್ಲ. ಊಟದ ಕೋಣೆ ತೋರಿಸಿದೆ, ಕಿಟಕಿ ತೋರಿಸಿದೆ. ಅಪ್ಪ ಯಾವುದನ್ನೂ ನೋಡದೆ ಓದುವ ಕೋಣೆಗೆ ನಡೆದರು. ಪುಸ್ತಕದ ಬೆನ್ನುಗಳ ಕಪಾಟು ಅಲ್ಲಿತ್ತು. ಬಿಲ್ಡರನಿಗೆ ಅದು ಹಿಡಿಸಿತ್ತು, ಅದನ್ನು ಉಳಿಸಿಕೊಂಡಿದ್ದ. ಅಪ್ಪನ ಮುಖ ಅರಳಿತು. ನಕ್ಷೆಯಲ್ಲಿ ತಾವು ಬೆರಳು ನಿಲ್ಲಿಸಿದ್ದ ಜಾಗವನ್ನು ಗುರುತು ಹಿಡಿದು ಒಂದು ಪುಸ್ತಕದ ಬೆನ್ನನ್ನು ಎಳೆದರು. ಪಕ್ಕದ್ದನ್ನು ಎಳೆದರು. ಆಮೇಲೆ ಎರಡೂ ಕೈಯಿಂದ.

“ಜಾಮ್ ಆಗಿದೆ ಮಗಾ. ಮಳೆಗಾಲ ಅಲ್ವಾ.”

“ಅದರ ಹಿಂದೆ ಏನೂ ಇಲ್ಲ ಅಪ್ಪ. ಗೋಡೆ.”

“ಮೆಟ್ಟಿಲು?”

“ತೆಗೆದ್ವಿ.”

“ಯಾವಾಗ?”

“ಕಟ್ಟುವುದಕ್ಕೆ ಮುಂಚೆಯೇ.”

“ತೆಗೀರಿ ಅಂತ ಯಾರು ಹೇಳಿದ್ದು?”

“ಬಿಲ್ಡರನ ಕಡೆಯವರು.” ಸ್ವಲ್ಪ ತಡೆದು ಹೇಳಿದೆ, “ನನ್ನ ಹತ್ರ ಕೇಳಿದ್ರು. ನಾನು ಸರಿ ಅಂದೆ.”

ಅಪ್ಪ ಕೈಗಳನ್ನು ಕೆಳಗಿಳಿಸಿದರು. ಬೈಯಲಿಲ್ಲ. ಪಕ್ಕದ ಕುರ್ಚಿಯಲ್ಲಿ ನಿಧಾನವಾಗಿ ಕುಳಿತರು. ಅವರ ಆಸೆ ನಾನು ಅಂದುಕೊಂಡಿದ್ದಲ್ಲ ಎಂದು ಆಗ, ಇಷ್ಟು ವಯಸ್ಸಾದಮೇಲೆ, ನನಗೆ ತಿಳಿಯಿತು. ಮುಂದಿನ ಮೆಟ್ಟಿಲು ಅವರಿಗೆ ಬೇಕಾಗಿಯೇ ಇರಲಿಲ್ಲ. ಹಿಂಬದಿಯದು ಅವರದಾಗಿತ್ತು, ಅದನ್ನು ನನ್ನ ಕೈಗೆ ಕೊಟ್ಟಿದ್ದರು, ನಾನು ಒಂದು ಸೀಟಿಗಾಗಿ ಬಿಟ್ಟುಕೊಟ್ಟಿದ್ದೆ.

ಅಷ್ಟರಲ್ಲಿ ಮ್ಯಾನೇಜರ್ ಹೇಳಿಕಳಿಸಿದ್ದ ಚಹಾ ಬಂತು. ತಂದವರು ನಲವತ್ತೈದರ ಆಸುಪಾಸಿನ ಗಂಡಸು. ಒಂದು ಭುಜ ಪೂರ್ತಿ ಒದ್ದೆ. ಟ್ರೇಯ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದ್ದರು. ನಮ್ಮ ಮಾತು ಕೇಳಿಸಿಕೊಂಡು, “ಕನ್ನಡದವರೇನ್ರಿ?” ಎಂದು ಮುಖವರಳಿಸಿದರು. ಕಲಬುರಗಿಯ ಕಡೆಯವರು.

“ನೀವು ಎಲ್ಲಿಂದ ಹತ್ತಿ ಬಂದದ್ದು?” ಎಂದು ಅಪ್ಪ ಕೇಳಿದರು.

“ಹೊರಗಿನ ಮೆಟ್ಟಲಿಂದ್ರಿ ಯಜಮಾನ್ರ. ಲಿಫ್ಟಿನ್ಯಾಗ ನಮಗ ಬಿಡೂದಿಲ್ರಿ, ಮುಂದಿನ ಮೆಟ್ಟಲಾನೂ ಇಲ್ರಿ.”

ಅಪ್ಪ ಚಹಾ ಕುಡಿದು ಲೋಟ ಅವರ ಟ್ರೇಯ ಮೇಲೆ ತಾವೇ ಇಟ್ಟು ಎದ್ದರು. ನಾನೂ ಅಲ್ಲಿಂದಲೇ ಇಳಿಯುತ್ತೇನೆ ಎಂದರು. ಬೇಡ ಅಪ್ಪ, ಜಾರುತ್ತದೆ ಎಂದೆ. ನನ್ನ ಮಾತು ಕೇಳಿಸದವರಂತೆ ಆ ಮನುಷ್ಯನ ಹಿಂದೆ ಹೊರಟರು.

ಹೊರಬಾಗಿಲು ಮುಚ್ಚಿಕೊಳ್ಳದಂತೆ ಅದಕ್ಕೊಂದು ಖಾಲಿ ಪೇಂಟ್ ಡಬ್ಬಿ ಒತ್ತಿಟ್ಟಿದ್ದರು. ಅಡ್ಡಮಳೆ ಮೆಟ್ಟಿಲ ಮೇಲೆಯೇ ಬೀಳುತ್ತಿತ್ತು. ಮುಂದೆ ಆ ಮನುಷ್ಯ, ನಡುವೆ ಅಪ್ಪ, ಹಿಂದೆ ಅಪ್ಪನ ತಲೆಗೆ ಕೊಡೆ ಹಿಡಿದು ನಾನು. ಮೊದಲ ತಿರುವಿನಲ್ಲಿ ಅವರು ಟ್ರೇಯನ್ನು ತಲೆಯ ಮೇಲೆತ್ತಿ, ಮೈಯನ್ನು ಓರೆ ಮಾಡಿ, ಹೇಗೋ ಹೊರಳಿಸಿಕೊಂಡರು. ಅಲ್ಲಿ ಗೋಡೆಯ ಮೂಲೆಯಲ್ಲಿ ಪ್ಲಾಸ್ಟರ್ ಉದುರಿ ಒಳಗಿನ ಸಿಮೆಂಟು ಕಾಣುತ್ತಿತ್ತು. ಒಂದೇ ಮಟ್ಟದಲ್ಲಿ, ದಿನಾ ತಾಗಿ ತಾಗಿ ಆದ ಗಾಯ. ಅಪ್ಪ ಅದರ ಮೇಲೆ ಬೆರಳಾಡಿಸಿದರು. ಬೆರಳಿಗೆ ಅಂಟಿದ ಪುಡಿಯನ್ನು ನೋಡಿದರು.

ಆಮೇಲೆ ಆ ಮನುಷ್ಯನನ್ನು ಕರೆದು ಹೇಳಿದರು.

“ಈ ಕಟ್ಟಡದ ನಕ್ಷೆ ನನ್ನ ಮಗಳು ಬರೆದದ್ದು.”

ಗೇಟಿನಲ್ಲಿ ಹೇಳಿದ ಮಾತೇ, ಮ್ಯಾನೇಜರನಿಗೆ ಹೇಳಿದ ಮಾತೇ. ಈಗ ದನಿಯಲ್ಲಿ ಹೆಮ್ಮೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಹೇಳಬೇಕಾದವರಿಗೆ ಹೇಳಿ ಪಕ್ಕಕ್ಕೆ ಸರಿದು ನಿಂತರು, ನಾನು ಅವರಿಗೆ ಸರಿಯಾಗಿ ಕಾಣಲಿ ಎಂಬಂತೆ. ನಾನು ಕೊಡೆ ಹಿಡಿದು ನಿಂತಿದ್ದೆ. ಆ ಮನುಷ್ಯ ಏನು ಹೇಳಿದರೂ ಕೇಳಿಸಿಕೊಳ್ಳಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಬೈದರೆ ಸಾಕು, ಯಾರಾದರೂ ಒಬ್ಬರು ಬೈದರೆ ಸಾಕು ಎನಿಸುತ್ತಿತ್ತು.

ಅವರು ಟ್ರೇಯನ್ನು ಒದ್ದೆ ಮೆಟ್ಟಿಲ ಮೇಲಿಟ್ಟು, ಎರಡೂ ಕೈ ಪ್ಯಾಂಟಿಗೆ ಒರೆಸಿಕೊಂಡು ನನಗೆ ಕೈ ಮುಗಿದರು.

“ಹೌದೇನ್ರಿ ಅಕ್ಕಾರ! ಭಾಳ ಛಂದ ಕಟ್ಟಿಸೀರಿ,” ಎಂದರು. “ರೋಡಿನ ಮ್ಯಾಲ ನಿಂತು ಫೋಟೋ ಹೊಡದು ಊರಿಗಿ ಕಳಿಸೀನ್ರಿ. ಇಂಥಾದ್ರಾಗ ಕೆಲಸ ಮಾಡ್ತಾನ ನಮ್ಮಪ್ಪ ಅಂತ ನನ್ನ ಮಗಳು ಸಾಲ್ಯಾಗ ಎಲ್ಲಾರಿಗೂ ತೋರಿಸ್ಯಾಳ್ರಿ.”

ಬೈಸಿಕೊಳ್ಳಲು ನಿಂತವಳಿಗೆ ಹೊಗಳಿಕೆ ಸಿಕ್ಕಿತು. ಅದನ್ನು ತೆಗೆದುಕೊಂಡು, ಅಪ್ಪನ ಜೊತೆ ಉಳಿದ ಮೆಟ್ಟಿಲುಗಳನ್ನು ಇಳಿದು, ಡೊಂಬಿವಲಿಗೆ ವಾಪಸು ಬಂದೆ.